ಶಾಸಕರೇ, ರಾತ್ರಿಗೊಬ್ಬ ಅರಿವಳಿಕೆ ಡಾಕ್ಟರ್ ಕೊಡಿ

ಮಾನ್ಯ ಶಾಸಕರೇ, ನಮಸ್ಕಾರ.

ನಮ್ಮ ತಾಲೂಕು ಆಸ್ಪತ್ರೆಗೆ ರಾತ್ರಿ ಅರಿವಳಿಕೆ ಡಾಕ್ಟರ್ ಬೇಕು. ಅರ್ಜಿ ಕೊಟ್ಟೆವು, ಸಭೆಗಳಲ್ಲಿ ಕೈ ಮುಗಿದೆವು, ನಿಮ್ಮ ಪಿಎಗೆ ವಾಟ್ಸಾಪ್ ಮಾಡಿದೆವು. ‘ನೋಡೋಣ’ ಅಂದಿರಿ. ಈಗ ಎಲ್ಲರೂ ನೋಡಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ನನ್ನ ತಂಗಿಯನ್ನು ಹೆರಿಗೆಗೆ ಕರೆದುಕೊಂಡು ಬಂದೆವು. ರಾತ್ರಿ ಹನ್ನೊಂದರ ಸುಮಾರಿಗೆ ಮಗುವಿನ ಎದೆಬಡಿತ ಇಳಿಯತೊಡಗಿತು. ಕೂಡಲೇ ಸಿಸೇರಿಯನ್ ಆಗಬೇಕು ಅಂದರು. ಥಿಯೇಟರ್ ಇತ್ತು, ಹೆರಿಗೆ ಡಾಕ್ಟರಮ್ಮನೂ ಇದ್ದರು. ಅರಿವಳಿಕೆ ಕೊಡುವವರು ಮಾತ್ರ ಸಂಜೆಯೇ ಹೋಗಿದ್ದರು, ಫೋನ್ ಸ್ವಿಚ್ ಆಫ್. ಸಿಸ್ಟರ್ ಬದಿಗೆ ಕರೆದು ಹೇಳಿದರು: “ರೊಕ್ಕ ಇದ್ರ ಎದುರಿನ ನರ್ಸಿಂಗ್ ಹೋಮಿಗೆ ಒಯ್ರಿ. ಇಲ್ಲಾಂದ್ರ ಕಲಬುರಗಿಗೆ.”

ಎದುರಿನವರು ಅರವತ್ತು ಸಾವಿರ ಕೇಳಿದರು. ನಮ್ಮ ಹತ್ತಿ ಇನ್ನೂ ಹೊಲದಲ್ಲೇ ಇತ್ತು. 108 ಬೇರೆ ಕೇಸಿಗೆ ಹೋಗಿತ್ತು. ಬಾಡಿಗೆ ಬೊಲೆರೊದ ಹಿಂದಿನ ಸೀಟಿನಲ್ಲಿ ಅವ್ವನ ತೊಡೆ ಮೇಲೆ ತಲೆಯಿಟ್ಟು, ಗುಂಡಿ ಬಂದಾಗಲೆಲ್ಲ ಚೀರುತ್ತಾ ತಂಗಿ ಕಲಬುರಗಿ ಮುಟ್ಟಿದಳು. ಅವಳು ಉಳಿದಳು, ಮಗು ಉಳಿಯಲಿಲ್ಲ.

ಅದೇ ರಾತ್ರಿ ಎದುರಿನ ನರ್ಸಿಂಗ್ ಹೋಮಿನಲ್ಲಿ ಇನ್ಯಾರಿಗೋ ಸಿಸೇರಿಯನ್ ಆಯಿತಂತೆ. ಅಲ್ಲಿ ಅರಿವಳಿಕೆ ಕೊಟ್ಟವರು ಯಾರು ಅಂತ ಊರಿಗೆಲ್ಲ ಗೊತ್ತು. ನಿಮಗೂ ಗೊತ್ತು, ಅಲ್ವಾ?

ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಪುಕ್ಕಟೆ, ರೆಫರ್ ಮಾಡಿದರೆ ಗಾಡಿಯೂ ಪುಕ್ಕಟೆ ಅಂತ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವೇ ಹೇಳುತ್ತದೆ. ನಿಮಗೆ ಹೇಳಿಕೊಡಬೇಕೇ? ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ನೀವೇ ಅಧ್ಯಕ್ಷರು. ನಮ್ಮ ಭಾಗ ಹಿಂದುಳಿದಿದೆ ಅಂತ ನಂಜುಂಡಪ್ಪ ವರದಿ 2002ರಲ್ಲೇ ಬರೆಯಿತು. ಆಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಹೆಸರಿಗೆ ಕಲ್ಯಾಣ ಆಯಿತು, ರಾತ್ರಿ ಡಾಕ್ಟರ್ ಬರಲಿಲ್ಲ. ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಮ್ಮ ಹೆಸರಿನ ಉದ್ಘಾಟನೆ ಕಲ್ಲಿದೆ. ಆಸ್ಪತ್ರೆಯಲ್ಲಿ 24 ಗಂಟೆ ಡ್ಯೂಟಿ ಮಾಡುತ್ತಿರುವುದು ಅದೊಂದೇ.

ಹುದ್ದೆ ಖಾಲಿ ಅಂತ ಹೇಳಬೇಡಿ. ಗುತ್ತಿಗೆ ಮೇಲೆ ತನ್ನಿ. ಎಂಬಿಬಿಎಸ್ ಡಾಕ್ಟರುಗಳಿಗೇ ತುರ್ತು ಅರಿವಳಿಕೆ ಕಲಿಸುವ ತರಬೇತಿ ಸರ್ಕಾರದಲ್ಲೇ ಇದೆ, ಒಬ್ಬರನ್ನಾದರೂ ಕಳಿಸಿ. ಸಂಬಳ ಇಲ್ಲಿ, ರಾತ್ರಿ ಕೆಲಸ ಎದುರಿಗೆ ಅನ್ನುವವರನ್ನು ಕರೆದು ಕೇಳಿ. ಕೇಳುವುದಕ್ಕೆ ನಿಮಗೇನು ಸಂಕೋಚವೋ ನನಗಂತೂ ತಿಳಿಯದು.

ಮುಂದಿನ ಸಮಿತಿ ಸಭೆಯಲ್ಲಿ ಇದೊಂದೇ ವಿಷಯ ಇಡಿ. ರಾತ್ರಿ ಡ್ಯೂಟಿ ಯಾರದು, ಫೋನ್ ನಂಬರ್ ಯಾವುದು ಅಂತ ಗೇಟಿಗೆ ಅಂಟಿಸಿ. ಹೊಸ ಕಟ್ಟಡ ಬೇಡ, ಫ್ಲೆಕ್ಸೂ ಬೇಡ. ರಾತ್ರಿಗೊಬ್ಬ ಅರಿವಳಿಕೆ ಡಾಕ್ಟರ್ ಕೊಡಿ.

ಇಂತಿ,
ಯಾದಗಿರಿ ಜಿಲ್ಲೆಯ ನಿಮ್ಮ ಒಬ್ಬ ಮತದಾರ