ಹಾಲಿನಕ್ಕನಿಗೆ, ಜೊತೆಗೆ ಉಳಿದೆಲ್ಲರಿಗೂ

ಅಮ್ಮ ಮತ್ತೆ ತನ್ನ ಕೋಣೆಯಲ್ಲೇ ಮಲಗಲು ಶುರು ಮಾಡಿದ್ದಾಳೆ. ಗೋಡೆಯ ತೇವ ಆರಿ, ಬಣ್ಣ ಬಳಿಸಿ, ಮಂಚ ಮೊದಲಿದ್ದ ಜಾಗಕ್ಕೆ ಬರುವ ಹೊತ್ತಿಗೆ ಇನ್ನೊಂದು ಮಳೆಗಾಲವೂ ಮುಗಿಯಿತು. ಅವಳು ಅಲ್ಲಿ ಮಲಗುವ ತನಕ ಏನೂ ಬರೆಯುವುದು ಬೇಡ ಅಂದುಕೊಂಡಿದ್ದೆ. ಆ ನೆರೆಯಲ್ಲಿ ನೀರು ಎಷ್ಟು ಏರಿತು, ಅಮ್ಮನಿಗೆ ಏನಾಯಿತು, ಆಸ್ಪತ್ರೆಯಲ್ಲಿ ಏನು ನಡೆಯಿತು ಎಂಬುದೆಲ್ಲ ನಿಮಗೆ ಗೊತ್ತೇ ಇದೆ. ನಿಮ್ಮಲ್ಲಿ ಅರ್ಧ ಜನ ಅದೇ ನೀರಿನಲ್ಲಿ ನಿಂತವರು. ಹಾಗಾಗಿ ಅದನ್ನೆಲ್ಲ ಬಿಡುತ್ತೇನೆ.

ದೋಣಿ ತಂದ ಹುಡುಗರಿಗೆ, ಶಾಲೆಯ ಬೀಗ ತೆಗೆಸಿದ ಹೆಡ್‌ಮಾಸ್ತರರಿಗೆ, ಅಲ್ಲಿ ದಿನವೂ ನೂರಾರು ಜನಕ್ಕೆ ಬೇಯಿಸಿ ಹಾಕಿದವರಿಗೆ, ಔಷಧಿಗಳನ್ನು ಲೆಕ್ಕ ಬರೆದುಕೊಳ್ಳದೆ ಕೊಟ್ಟ ಅಂಗಡಿಯವರಿಗೆ, ಕೆಸರು ಗಟ್ಟಿಯಾಗುವ ಮೊದಲೇ ಸಲಿಕೆ ಹಿಡಿದು ಬಂದ ಕಾಲೇಜು ಮಕ್ಕಳಿಗೆ ಕೈ ಮುಗಿಯುತ್ತೇನೆ. ಸಂಪು, ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಇಲಿಜ್ವರದ ಮಾತ್ರೆಯನ್ನು ಕಣ್ಣೆದುರೇ ನುಂಗಿಸಿ ಹೋಗುತ್ತಿದ್ದ ನರ್ಸಮ್ಮನಿಗೆ ಇನ್ನೊಂದು ನಮಸ್ಕಾರ. ಅವತ್ತು ಅವರನ್ನು ಬೈದುಕೊಂಡವರೇ ಹೆಚ್ಚು.

ಹಾಲಿನಕ್ಕನದನ್ನು ಮಾತ್ರ ಹೀಗೆ ಒಂದು ಸಾಲಿನಲ್ಲಿ ಮುಗಿಸಲು ಬರುವುದಿಲ್ಲ.

ಎಚ್ಚರಿಕೆಯ ಮೆಸೇಜು ನಮ್ಮ ಫೋನಿಗೆ ಬಂದಿದ್ದು ನೀರು ಹೊಸಿಲು ದಾಟಿದ ಮೇಲೆ. ಅಷ್ಟರಲ್ಲಿ ಅಕ್ಕ ಬೀದಿಯ ಆ ತುದಿಯಿಂದ ಬಾಗಿಲು ಬಡಿಯುತ್ತಾ ಬರುತ್ತಿದ್ದರು. ನಸುಕಿನಲ್ಲಿ ಮನೆಮನೆಗೆ ಹಾಲು ಹಾಕುವವರಿಗೆ ಗೊತ್ತಿರುವಷ್ಟು ಬೀದಿ ಇನ್ಯಾರಿಗೆ ಗೊತ್ತಿರುತ್ತದೆ? ಯಾವ ಮನೆಯಲ್ಲಿ ಅಜ್ಜ ಒಬ್ಬರೇ ಇರುತ್ತಾರೆ, ಯಾರಿಗೆ ಕಿವಿ ಮಂದ, ಎಲ್ಲಿ ಬಾಣಂತಿ ಇದ್ದಾಳೆ, ಯಾರ ಹಿತ್ತಲ ಬಾಗಿಲಿನ ಚಿಲಕವನ್ನು ಹೊರಗಿನಿಂದಲೇ ಕೈ ತೂರಿಸಿ ತೆಗೆಯಬಹುದು ಎಂಬುದೆಲ್ಲ ಯಾವ ಕಚೇರಿಯ ಕಡತದಲ್ಲೂ ಇರಲಿಲ್ಲ. ಅಕ್ಕನ ತಲೆಯಲ್ಲಿತ್ತು. ಹುಡುಗರು ಹಸಿರು ಗೇಟಿನ ಮನೆಯ ಬಾಗಿಲು ಒಡೆಯಲು ಹೊರಟಾಗ, "ಅಲ್ಲಿ ಯಾರೂ ಇಲ್ಲ, ನಿನ್ನೆಯಿಂದ ಹಾಲು ಬೇಡ ಅಂದಿದ್ದಾರೆ" ಎಂದು ತಡೆದು ಮುಂದಿನ ಮನೆಗೆ ಓಡಿಸಿದರು. ಆ ಮುಂದಿನ ಮನೆಯಲ್ಲಿ ಮೂವರಿದ್ದರು.

ಕೈಯಲ್ಲಿ ಒಂದು ಗಳ. ಅದನ್ನು ಊರಿ ನೋಡದೆ ಅವರು ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ನೀರಿನ ಒತ್ತಡಕ್ಕೆ ಮ್ಯಾನ್‌ಹೋಲಿನ ಮುಚ್ಚಳ ಎದ್ದು ಹೋಗಿದ್ದರೆ ಕೆಸರುನೀರಿನ ಮೇಲಿಂದ ಏನೂ ಕಾಣುವುದಿಲ್ಲ. ರಭಸವಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು, 60 ಸೆಂಟಿಮೀಟರ್ ಆದರೆ ಹೆಚ್ಚಿನ ಕಾರುಗಳನ್ನು ತೇಲಿಸಿಕೊಂಡು ಹೋಗುತ್ತದೆ ಎಂದು ಆಮೇಲೆ ತರಬೇತಿಯಲ್ಲಿ ಹೇಳಿಕೊಟ್ಟರು. ಅಕ್ಕ ಅವತ್ತೇ ಹೇಳಿದ್ದರು: "ಒಬ್ಬೊಬ್ಬರೇ ಬರಬೇಡಿ, ಕೈ ಹಿಡ್ಕೊಂಡು ಬನ್ನಿ, ಬೈಕು ಮುಟ್ಟಲೇಬೇಡಿ." ನಮ್ಮ ಮನೆಗೆ ಬಂದವರು ಕೇಳಿದ ಮೊದಲ ಮಾತು, "ತಮ್ಮಾ, ಮೇನ್ ಸ್ವಿಚ್ ತೆಗೆದ್ಯಾ?"

ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದ ಸುತ್ತಿ ಬಿಗಿದು, ಮೂವರು ಸೇರಿ ತಾರಸಿಗೆ ಹತ್ತಿಸಿದೆವು. ಉಳಿದವರೆಲ್ಲ ಹಗ್ಗ ಹಿಡಿದು ಎದುರಿನ ಎತ್ತರದ ಮನೆಗೆ ದಾಟಿದರು. ಅಮ್ಮನನ್ನು ಹಾಗೆ ದಾಟಿಸುವುದು ಸಾಧ್ಯವಿರಲಿಲ್ಲ. "ನೀವು ಹೋಗಿ ಅಕ್ಕ" ಅಂದೆ. ಅವರು ಉತ್ತರ ಕೊಡಲಿಲ್ಲ, ಟಾರ್ಪಾಲಿನ ಒಂದು ತುದಿಯನ್ನು ನೀರಿನ ಟ್ಯಾಂಕಿನ ಪೈಪಿಗೆ ಕಟ್ಟತೊಡಗಿದರು.

ನಡುರಾತ್ರಿ ದಾಟಿದ ಮೇಲೆ ಅಮ್ಮನ ನಡುಕ ನಿಂತುಹೋಯಿತು. ಸಮಾಧಾನ ಆಯಿತು ಅನ್ನುವಷ್ಟರಲ್ಲಿ ಕೈ ಮುಟ್ಟಿದರೆ ಮಂಜುಗಡ್ಡೆ. ಕರೆದೆ, ಓಗೊಡಲಿಲ್ಲ. ಮತ್ತೆ ಕರೆದೆ. ಮುಂದಿನದನ್ನು ಎಷ್ಟು ಸಲ ಬರೆದರೂ ಸರಿಹೋಗುತ್ತಿಲ್ಲ. ಕೆಳಗೆ ನಮ್ಮದೇ ಮನೆಯೊಳಗೆ ಪಾತ್ರೆಗಳು ಗೋಡೆಗೆ ಬಡಿದುಕೊಳ್ಳುವ ಸದ್ದು, ಮೇಲೆ ನಾನು ಅಮ್ಮಾ ಅಮ್ಮಾ ಎಂದು ಕೂಗುವುದು, ಅಷ್ಟೇ ನೆನಪಿದೆ. ನನ್ನ ಕೈಕಾಲು ಆಡಲಿಲ್ಲ. ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ, ಅಮ್ಮನ ಒದ್ದೆ ಬಟ್ಟೆಯನ್ನೆಲ್ಲ ತೆಗೆದರು. ಡ್ರಮ್ಮಿನಲ್ಲಿಟ್ಟಿದ್ದ ಒಣ ಗೋಣಿಚೀಲಗಳನ್ನು ಸುತ್ತಿ, ತಮ್ಮ ಎದೆಗೆ ಒರಗಿಸಿಕೊಂಡು ಕೂತರು. "ಚಳಿಯಲ್ಲಿ ಹುಟ್ಟಿದ ಕರುನ ಹೀಗೇ ಇಟ್ಕೊಳ್ಳೋದು, ಸುಮ್ನಿರು" ಅಂದರು. ಆಮೇಲೆ ಅಮ್ಮನ ಕಿವಿಯಲ್ಲಿ ಒಂದೇ ಸಮನೆ ಮಾತು. ಯಾವ ಹಸು ಎಷ್ಟು ಕರೆಯುತ್ತದೆ, ಯಾವುದು ಒದೆಯುತ್ತದೆ, ಯಾರು ಹಾಲಿಗೆ ನೀರು ಬೆರೆಸಿದ್ದೀಯ ಅಂತ ಜಗಳ ತೆಗೆದರು. ಬೆಳಕು ಹರಿಯುವ ಮುನ್ನ, "ಅಮ್ಮೋರೇ, ಹೋದ ತಿಂಗಳ ಲೆಕ್ಕ ಬಾಕಿ ಇದೆ" ಅಂದರು. ಅಮ್ಮ ಕಣ್ಣು ಬಿಡದೆಯೇ, "ಕೊಟ್ಟಾಯ್ತಲ್ಲೇ" ಅಂದಳು. ಆ ರಾತ್ರಿ ನಾನು ಅತ್ತಿದ್ದು ಆಗ.

ಸಂಜೆಯೇ ದನಗಳ ಹಗ್ಗ ಬಿಚ್ಚಿ ಬಂದಿದ್ದರಂತೆ, ಕಟ್ಟಿದ್ದರೆ ಅಲ್ಲೇ ಸಾಯುತ್ತಿದ್ದವು. ಅವುಗಳಲ್ಲಿ ಒಂದು ತಿರುಗಿ ಬರಲಿಲ್ಲ. ಗಬ್ಬದ ಹಸು. ಇಡೀ ರಾತ್ರಿ ಹಸುಗಳ ಮಾತಾಡಿದ ಅಕ್ಕ ಇದನ್ನೊಂದು ಹೇಳಲಿಲ್ಲ.

ಕೇಳಿದವರು ಇಂಥವರು ಸಿಗುವುದು ಅಪರೂಪ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಜಪಾನಿನಲ್ಲಿ 1995ರ ಕೋಬೆ ಭೂಕಂಪದಲ್ಲಿ ಅವಶೇಷಗಳಡಿಯಿಂದ ಬದುಕಿ ಬಂದವರಲ್ಲಿ ಬಹುಪಾಲು ಜನರನ್ನು ಎಳೆದು ತೆಗೆದವರು ಮನೆಯವರು, ಅಕ್ಕಪಕ್ಕದವರು. 2018ರಲ್ಲಿ ಕೇರಳ ಮುಳುಗಿದಾಗ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಒಳನಾಡಿಗೆ ಬಂದಿದ್ದರು. 1970ರ ಭೋಲಾ ಚಂಡಮಾರುತ ಈಗಿನ ಬಾಂಗ್ಲಾದೇಶದಲ್ಲಿ ಕೆಲವು ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಈಗ ಅಲ್ಲಿ ಚಂಡಮಾರುತಕ್ಕೆ ಸಾಯುವವರ ಸಂಖ್ಯೆ ಎಷ್ಟೋ ಪಟ್ಟು ಇಳಿದಿದೆ. ಮುನ್ಸೂಚನೆ ಸುಧಾರಿಸಿತು, ಆಶ್ರಯ ಕಟ್ಟಡಗಳು ಎದ್ದವು, ನಿಜ. ಆದರೆ ಆ ಸುದ್ದಿಯನ್ನು ಮೆಗಾಫೋನು, ಬಾವುಟ ಹಿಡಿದು ಮನೆಬಾಗಿಲಿಗೆ ಒಯ್ಯುವವರು ಅದೇ ಊರಿನ ಸ್ವಯಂಸೇವಕರು. ಯಾರೋ ಅಪರಿಚಿತರು ಬಂದು ಮನೆ ಬಿಡಿ ಅಂದರೆ ಜನ ಬಿಡುವುದಿಲ್ಲ.

ಇದರ ಜೊತೆಗೊಂದು ತಕರಾರನ್ನೂ ಹೇಳಿಬಿಡುತ್ತೇನೆ. ವೇದಿಕೆ ಹತ್ತಿದವರೆಲ್ಲ ನಮ್ಮ ಬೀದಿಯ ಸ್ಥೈರ್ಯವನ್ನು ಹೊಗಳಿ ಹೋದರು. ಕಾಲುವೆಯ ಹೂಳು ಮಾತ್ರ ಹಾಗೇ ಇದೆ. ಹಾಲು ಹಾಕುವ ಹೆಂಗಸು ಗಳ ಹಿಡಿದು ನೀರಿಗಿಳಿದಿದ್ದಕ್ಕೆ ಹೆಮ್ಮೆಪಡುವಷ್ಟೇ ನಾಚಿಕೆಯನ್ನೂ ಪಡಬೇಕು ಅನ್ನಿಸುತ್ತದೆ.

ಅಕ್ಕನಿಗೆ ಹಸು ಕೊಡಿಸಲು ಹೋದೆವು. ದಾನ ಬೇಡ, ಹಾಲಿನ ಲೆಕ್ಕದಲ್ಲಿ ಮುರಿದುಕೊಳ್ಳಿ ಅಂದರು. ಈಗ ಹಾಗೇ ನಡೆಯುತ್ತಿದೆ, ಲೆಕ್ಕದಲ್ಲಿ ಅವರದೇ ಕಾರುಬಾರು. ಅವರ ತಲೆಯಲ್ಲಿದ್ದ ಬೀದಿಯನ್ನು ಪಕ್ಕದ ಮನೆಯ ಹುಡುಗಿ ನೋಟ್‌ಬುಕ್ಕಿಗೆ ಇಳಿಸಿದ್ದಾಳೆ: ಯಾರನ್ನು ಎತ್ತಿಕೊಂಡು ಹೋಗಬೇಕು, ಯಾರ ಔಷಧಿ ತಂಪಿನಲ್ಲಿಡಬೇಕು, ಯಾರ ತಾರಸಿಗೆ ಹೊರಗಿನಿಂದ ಮೆಟ್ಟಿಲಿದೆ. ಹೊಸ ಬಾಡಿಗೆಯವರು ಬಂದರೆ ಮೊದಲು ಗೊತ್ತಾಗುವುದು ಈಗಲೂ ಅಕ್ಕನಿಗೇ, ಅದಕ್ಕೇ ನೋಟ್‌ಬುಕ್ಕು ಸದಾ ಅವರ ಹಿಂದೆ ಓಡುತ್ತಿರುತ್ತದೆ.

ಇನ್ನೊಂದು ಮಾತು. ಆಗ ನೀವು ಯಾರ್‍ಯಾರೋ ತಂದುಕೊಟ್ಟ ಸಾಮಾನುಗಳಲ್ಲಿ ಒಂದು ನೀಲಿ ಟಾರ್ಪಾಲು, ಹಿಡಿ ಸಡಿಲವಾದ ಕುಕ್ಕರು, ಎರಡು ಟಾರ್ಚು, ಮಕ್ಕಳ ಸ್ವೆಟರು ನಮ್ಮಲ್ಲೇ ಉಳಿದಿವೆ. ತೊಳೆದಿಟ್ಟಿದ್ದೇವೆ. ನಿಮ್ಮದಾದರೆ ಬಂದು ತೆಗೆದುಕೊಂಡು ಹೋಗಿ, ಕುಕ್ಕರಿಗೆ ಹೊಸ ಹಿಡಿ ಹಾಕಿಸಿದ್ದೇನೆ.