ಕೆಟ್ಟಿಲ್ಲ ಕಣೇ ಪುಟ್ಟಿ

ಪುಟ್ಟಿಗೆ ಅತ್ತೆಯ ಆಶೀರ್ವಾದ.

ನಿನ್ನ ಮೇಲ್ ನಿನ್ನೆ ರಾತ್ರಿ ಓದ್ದೆ, ಬೆಳಿಗ್ಗೆ ಎದ್ದು ಇನ್ನೊಂದ್ಸಲ ಓದ್ದೆ. ಪರೀಕ್ಷೆ ವಿಷಯ, ಅಜ್ಜಿ ಮಂಡಿನೋವು, ಅದೆಲ್ಲಾ ಫೋನಲ್ಲಿ ಆಗಿದೆ, ಬಿಡು. ಕೊನೇಲಿ ಒಂದು ಸಾಲು ತುರುಕಿದೀಯಲ್ಲ, "ಅಣ್ಣನ ಕಂಟ್ರೋಲರ್ ಹಾಳ್ ಮಾಡ್ಬಿಟ್ಟೆ ಅನ್ಸುತ್ತೆ ಅತ್ತೆ, ಯಾರಿಗೂ ಹೇಳಿಲ್ಲ, ಇನ್ಮೇಲೆ ನಾನು ಏನನ್ನೂ ಮುಟ್ಟಲ್ಲ" ಅಂತ. ಕಂಟ್ರೋಲರ್ ಹೋದ್ರೆ ಹೋಯ್ತು, ಗೇಮ್ ಆಡೋಕೆ ಕೈಲಿ ಹಿಡಿಯೋ ಒಂದು ಪ್ಲಾಸ್ಟಿಕ್ ವಸ್ತು. ಆ "ಇನ್ಮೇಲೆ ಮುಟ್ಟಲ್ಲ" ಅನ್ನೋದು ಇದ್ಯಲ್ಲ, ಅದು ನಂಗೆ ಸರಿಯಾಗಿ ನಿದ್ದೆ ಮಾಡೋಕೆ ಬಿಡ್ಲಿಲ್ಲ. ಈ ಮಾತು ನಾನು ಈ ಮನೆತನದಲ್ಲಿ ಮುಂಚೆ ಒಂದ್ಸಲ ಕೇಳಿದೀನಿ, ಬಾಯಲ್ಲಿ ಹೇಳಿರ್ಲಿಲ್ಲ ಅಷ್ಟೆ.

ಮೊದ್ಲು ಇದನ್ನ ಹೇಳ್ಬಿಡ್ತೀನಿ, ಅದು ಕೆಟ್ಟಿಲ್ಲ. ನೋಡದೇನೇ ಹೇಗೆ ಹೇಳ್ತೀರಿ ಅಂತೀಯ, ನೀನೇ ಬರ್ದಿದೀಯಲ್ಲ ಎಲ್ಲಾನೂ, ನಿಂಗೆ ಗೊತ್ತಿಲ್ದೇನೇ ಎಷ್ಟು ಚೆನ್ನಾಗಿ ಬರ್ದಿದೀಯ ಅಂದ್ರೆ ನಮ್ಮ ಆಫೀಸಲ್ಲಿ ಕಂಪ್ಲೇಂಟ್ ಬರೀತಿದ್ದೋರು ಯಾರೂ ಹಂಗೆ ಬರೀತಿರ್ಲಿಲ್ಲ. ಶೇರ್ ಬಟನ್ನೂ ಮಧ್ಯದ ಪಿಎಸ್ ಬಟನ್ನೂ ಒಟ್ಟಿಗೆ ಒತ್ತಿ ಹಿಡ್ದೆ, ಲೈಟು ಪಕಪಕ ಅಂತು, ಕಂಪ್ಯೂಟರಲ್ಲಿ ಬ್ಲೂಟೂತ್ ಲಿಸ್ಟಲ್ಲಿ "ವೈರ್‌ಲೆಸ್ ಕಂಟ್ರೋಲರ್" ಅಂತ ಬಂತು, ಕನೆಕ್ಟೆಡ್ ಅಂತಾನೂ ತೋರಿಸ್ತು, ಆದ್ರೆ ಗೇಮಲ್ಲಿ ಏನೂ ಅಲ್ಲಾಡ್ಲಿಲ್ಲ, ಆಮೇಲೆ ವಾಪಸ್ ತಗೊಂಡೋಗಿ ಅಣ್ಣನ ಪಿಎಸ್ ಫೋರ್, ಆ ಪ್ಲೇಸ್ಟೇಶನ್ ಗೇಮ್ ಪೆಟ್ಟಿಗೆ ಮುಂದೆ ಒತ್ತಿದ್ರೆ ಸ್ವಲ್ಪ ಹೊತ್ತು ಮಿಣಮಿಣ ಅಂದು ಆರಿಹೋಯ್ತು. ಇಷ್ಟೇ ತಾನೇ. ಇದ್ರಲ್ಲಿ ಕೆಟ್ಟಿದ್ದು ಯಾವ್ದು ಹೇಳು?

ಆ ಕಂಟ್ರೋಲರ್ ನೆನಪಲ್ಲಿ ಒಂದೇ ಮನೆ ವಿಳಾಸಕ್ಕೆ ಜಾಗ ಕಣೇ. ಬ್ಲೂಟೂತಲ್ಲಿ ಎರಡು ಸಾಮಾನು ಮೊದಲ್ನೇ ಸಲ ಪೇರ್ ಆದಾಗ ತಮ್ತಮ್ಮಲ್ಲೇ ಒಂದು ಗುಟ್ಟಿನ ಕೀಲಿ ಮಾಡ್ಕೊಂಡು ಇಬ್ರೂ ಇಟ್ಕೋತಾವೆ, ಮುಂದಿನ್ಸಲ ಅದನ್ನ ತೋರಿಸಿ ಒಳಗೆ ಬರ್ತಾವೆ. ನೀನು ಕಂಪ್ಯೂಟರ್ ಜೊತೆ ಪೇರ್ ಮಾಡ್ದಾಗ ಕಂಪ್ಯೂಟರ್ ವಿಳಾಸ ಒಳಗೆ ಹೋಗಿ ಕೂತ್ಕೊಂತು, ಪಿಎಸ್ ಫೋರಿಂದು ಅಳಿಸ್ಹೋಯ್ತು. ಈಗ ಪಿಎಸ್ ಬಟನ್ ಒತ್ತಿದ್ರೆ ಅದು ಪಾಪ ಕಂಪ್ಯೂಟರನ್ನೇ ಹುಡುಕುತ್ತೆ. ಆಚೆ ರೂಮಲ್ಲಿ ಕಂಪ್ಯೂಟರ್ ಆನ್ ಇದ್ರೆ ಸದ್ದಿಲ್ದೆ ಅಲ್ಲಿಗೆ ಹೋಗಿ ಸೇರ್ಕೊಂಡೂ ಇರುತ್ತೆ, ನೀನು ಇಲ್ಲಿ ಟೀವಿ ಮುಂದೆ ಕೈ ಹಿಸ್ಕೊಳ್ತಾ ಕೂತಿರ್ತೀಯ.

ಕೇಬಲ್ ಹಾಕಿ ಪಿಎಸ್ ಫೋರಿಗೆ ಸಿಕ್ಕಿಸಿ ಪಿಎಸ್ ಬಟನ್ ಒಂದ್ಸಲ ಒತ್ತು, ಮತ್ತೆ ಅಲ್ಲಿ ವಿಳಾಸ ಬರ್ಕೊಳ್ಳುತ್ತೆ. ಮುಗೀತು.

ಇದನ್ನೂ ಮಾಡಿ ನೋಡ್ದೆ ಆಗ್ಲಿಲ್ಲ ಅಂತ ಬರ್ದಿದೀಯ, ಹೌದು, ಓದ್ದೆ. ಕೇಬಲ್ ಸರಿ ಇದೆ ಯಾಕಂದ್ರೆ ಚಾರ್ಜ್ ಆಗ್ತಿದೆ, ಕಿತ್ತಳೆ ಬಣ್ಣ ಬರ್ತಿದೆ, ಆದ್ರಿಂದ ಕಂಟ್ರೋಲರೇ ಹೋಗಿದೆ ಅಂತ ನಿನ್ನ ಲೆಕ್ಕ. ಈ ಲೆಕ್ಕದಲ್ಲಿ ನಿನಗಿಂತ ದೊಡ್ಡೋರೆಲ್ಲಾ ಬಿದ್ದಿದಾರೆ. ಆ ಥರದ ಕೇಬಲ್ ಒಳಗೆ ನಾಲ್ಕು ತಂತಿ ಇರ್ಬೇಕು, ಎರಡು ಕರೆಂಟಿಗೆ ಎರಡು ಮಾತಿಗೆ. ಕೆಲವು ಚಾರ್ಜಿಂಗ್ ಕೇಬಲಲ್ಲಿ ಮಾತಿನ ತಂತಿ ಎರಡೂ ಹಾಕಿರೋದೇ ಇಲ್ಲ. ಊಟ ಬಡಿಸ್ತಾರೆ, ಮಾತಾಡಲ್ಲ. ಅದಕ್ಕೇ ಚಾರ್ಜಿನ ಕಿತ್ತಳೆ ಬರುತ್ತೆ, ಪಿಎಸ್ ಫೋರ್ ಜೊತೆ ಸೇರ್ಕೊಂಡ ಗುರುತಿನ ನೀಲಿ ಬರಲ್ಲ. ಮನೇಲಿ ಯಾವ್ದಾದ್ರೂ ಹಳೇ ಫೋನಿಂದ ಕಂಪ್ಯೂಟರಿಗೆ ಫೋಟೋ ಹಾಕ್ಕೊಂಡ ಕೇಬಲ್ ಇದ್ರೆ ಅದೇ ಬೇಕು, ಆ ಸಣ್ಣ ಮೂತಿಯ ಮೈಕ್ರೋ ಯುಎಸ್‌ಬಿ. ಫೋಟೋ ದಾಟಿದೆ ಅಂದ್ರೆ ಮಾತಿನ ತಂತಿ ಇದೆ ಅಂತ ಅರ್ಥ.

ಆಯ್ತು, ಇದಿಷ್ಟನ್ನ ಎರಡು ಸಾಲಲ್ಲಿ ಮೆಸೇಜ್ ಮಾಡ್ಬೋದಿತ್ತು. ಮಾಡ್ಲಿಲ್ಲ ಯಾಕಂದ್ರೆ ನಿಂಗೆ ಬೇರೆ ಒಂದು ಹೇಳ್ಬೇಕಿತ್ತು, ಹೇಗೆ ಶುರು ಮಾಡೋದು ಅಂತ ಗೊತ್ತಾಗ್ದೆ ಕೇಬಲ್ ಕಥೆ ಎಳೀತಿದೀನಿ.

ನಿಮ್ಮಪ್ಪ ಯಾಕೆ ಯಾವ ಮೆಷಿನ್ನೂ ಮುಟ್ಟಲ್ಲ ಗೊತ್ತಾ? ಫೋನ್ ಸೆಟ್ಟಿಂಗ್ ಬಂದ್ರೆ ನಿಮ್ಮಿಬ್ರ ಕೈಗೆ ಕೊಡ್ತಾನೆ, ನೀವೆಲ್ಲಾ ನಗ್ತೀರಿ, ಅವ್ನೂ ನಗ್ತಾನೆ. ನಾನು ನಗಲ್ಲ, ನೋಡಿರ್ಬೋದು ನೀನು.

1994ರಲ್ಲಿ ನಾನು ಕೆಲ್ಸಕ್ಕೆ ಸೇರಿದ ಹೊಸತು, ಮನೇಲೊಂದು 486 ಕಂಪ್ಯೂಟರ್ ತಂದಿಟ್ಟಿದ್ದೆ, ಅವ್ನಿಗೆ ಹದಿಮೂರು. ನನ್ನ ಸ್ನೇಹಿತೆ ಹತ್ರ ಒಂದು ಜಾಯ್‌ಸ್ಟಿಕ್ ಇತ್ತು, ಎರಡು ವಾರಕ್ಕೆ ಅಂತ ಇಸ್ಕೊಂಡು ಬಂದಿದ್ದೆ. ಆಗ ಯುಎಸ್‌ಬಿ ಇಲ್ಲ ಬ್ಲೂಟೂತ್ ಇಲ್ಲ, ಸೌಂಡ್ ಕಾರ್ಡ್ ಹಿಂದೆ ಹದಿನೈದು ಪಿನ್ನಿನ ಒಂದು ಅಗಲ ಪೋರ್ಟು, ಗೇಮ್ ಪೋರ್ಟ್ ಅಂತಿದ್ವಿ, ಅದಕ್ಕೆ ಸಿಕ್ಕಿಸೋದು. ವಿಮಾನದ ಆಟ. ಮೊದಲ್ನೇ ದಿನದಿಂದ್ಲೇ ಆ ವಿಮಾನ ಕೈ ಬಿಟ್ರೂ ಎಡಕ್ಕೆ ವಾಲ್ಕೊಂಡು ವಾಲ್ಕೊಂಡು ಹೋಗಿ ನೆಲಕ್ಕೆ ಬೀಳ್ತಿತ್ತು. ನಂಗೆ ಅದು ಆಟದ ಕಷ್ಟ ಅನ್ನಿಸಿತ್ತು, ನಾನು ಆಡೋದು ಬಿಟ್ಟೆ.

ಒಂದಿನ ಸಂಜೆ ಮನೆಗೆ ಬರ್ತೀನಿ, ಇವ್ನು ಒಬ್ನೇ ಕೂತಿದಾನೆ. ಬಲಗೈ ಸ್ಟಿಕ್ ಮೇಲಿಲ್ಲ. ಸ್ಟಿಕ್ಕಿನ ಬುಡದಲ್ಲಿ ಹಲ್ಲುಹಲ್ಲಾಗಿ ಎರಡು ಸಣ್ಣ ಚಕ್ರ ಇದ್ವು, ಅದ್ರಲ್ಲೊಂದನ್ನ ಹೆಬ್ಬೆರಳಿನ ಉಗುರಲ್ಲಿ ಒಂದೊಂದೇ ಹಲ್ಲು ತಿರುಗಿಸ್ತಿದ್ದ, ನಾಲಗೆ ಹೊರಗೆ ಹಾಕ್ಕೊಂಡು. ನನ್ನ ನೋಡಿ, ಅಕ್ಕಾ ನೋಡಿಲ್ಲಿ, ನೆಟ್ಟಗೆ ಹೋಗ್ತಿದೆ ಅಂದ. ನಾನು ಸ್ಕ್ರೀನ್ ನೋಡ್ಲಿಲ್ಲ ಪುಟ್ಟಿ. ಚಕ್ರದ ಮೇಲಿದ್ದ ಬೆರಳು ನೋಡ್ದೆ. ನೀನಾ ಇದನ್ನ ಕೆಡಿಸಿದ್ದು, ಯಾರು ಹೇಳಿದ್ರು ಮುಟ್ಟು ಅಂತ, ಇನ್ನೊಬ್ರ ಸಾಮಾನು ಅಂತ ಗೊತ್ತಾಗಲ್ವಾ ಅಂತ ಬೈದು, ಅವ್ನ ಕೈ ಎತ್ತಿ ಪಕ್ಕಕ್ಕಿಟ್ಟೆ. ಅವ್ನು ಏನೂ ಹೇಳ್ಲಿಲ್ಲ. ಎರಡೂ ಕೈ ಶರ್ಟಿಗೆ ಒರೆಸ್ಕೊಂಡು ಎದ್ದೋದ.

ಅಷ್ಟಕ್ಕೇ ಬಿಟ್ನಾ, ಇಲ್ಲ. ಮಾರನೇ ವಾರ ಸ್ನೇಹಿತೆ ಬಂದಾಗ, ಸಾರಿ ಕಣೇ ನಮ್ಮ ತಮ್ಮ ಇದನ್ನ ಕೆಡಿಸ್ಬಿಟ್ಟಿದಾನೆ ಅಂತ ಅವ್ನ ಎದುರಿಗೇ ಹೇಳಿ ಕೊಟ್ಟೆ.

ನಿಜ ಗೊತ್ತಾಗಿದ್ದು ವಿಂಡೋಸ್ 95 ಬಂದ್ಮೇಲೆ. ಆಫೀಸಲ್ಲಿ ಯಾರದೋ ಮೆಷಿನ್ನಿಗೆ ಜಾಯ್‌ಸ್ಟಿಕ್ ಹಾಕ್ಕೊಡ್ತಾ ಇದ್ದೆ, ಸ್ಕ್ರೀನಲ್ಲಿ ಒಂದು ಬಾಕ್ಸ್ ಬಂತು, ಸ್ಟಿಕ್ ಮಧ್ಯದಲ್ಲಿ ಬಿಟ್ಟು ಬಟನ್ ಒತ್ತು, ಆಮೇಲೆ ಸುತ್ತಲೂ ತಿರುಗಿಸು ಅಂತ. ಕ್ಯಾಲಿಬ್ರೇಶನ್, ಅಂದ್ರೆ ಸ್ಟಿಕ್ಕಿನ ಮಧ್ಯ ಯಾವ್ದು ಅಂಚು ಯಾವ್ದು ಅಂತ ಕಂಪ್ಯೂಟರಿಗೆ ಹೇಳ್ಕೊಡೋದು. ಹಳೇ ಜಾಯ್‌ಸ್ಟಿಕ್ಕಲ್ಲಿ ಸ್ಟಿಕ್ ಎಲ್ಲಿದೆ ಅಂತ ಅಂಕಿ ಬರ್ತಾನೇ ಇರ್ಲಿಲ್ಲ, ಒಳಗಿನ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ ಆದಂಗೆ ಕೆಪಾಸಿಟರ್ ಅಂತ ಕರೆಂಟ್ ತುಂಬ್ಕೊಳ್ಳೋ ಒಂದು ಪುಟ್ಟ ಬಿಡಿಭಾಗ ತುಂಬೋಕೆ ಹಿಡಿಯೋ ಸಮಯ ಹೆಚ್ಚುಕಮ್ಮಿ ಆಗ್ತಿತ್ತು, ಕಂಪ್ಯೂಟರ್ ಕೂತ್ಕೊಂಡು ಅದನ್ನ ಎಣಿಸ್ತಿತ್ತು. ಎಷ್ಟೋ ಆಟಗಳಲ್ಲಿ ಕಂಪ್ಯೂಟರ್ ಬೇಗ ಓಡಿದ್ರೆ ಎಣಿಕೆ ಬೇರೆ, ನಿಧಾನ ಓಡಿದ್ರೆ ಬೇರೆ. ಸ್ನೇಹಿತೆ ಮನೇದು ಹಳೇ ಮೆಷಿನ್ನು, ನಮ್ಮದು ಹೊಸದು. ಅಲ್ಲಿ ಮಧ್ಯ ಅಂತಿದ್ದದ್ದು ಇಲ್ಲಿ ಮಧ್ಯ ಆಗಿರ್ಲಿಲ್ಲ. ಆ ಸಣ್ಣ ಚಕ್ರ ಇದ್ದಿದ್ದೇ ಅದನ್ನ ಸರಿ ಮಾಡೋಕೆ. ನಾನು ಕಂಪ್ಯೂಟರ್ ಓದ್ಕೊಂಡೋಳು, ನಂಗೆ ಹೊಳೀಲಿಲ್ಲ. ಹದಿಮೂರು ವರ್ಷದ ಹುಡ್ಗ ಯಾರೂ ಹೇಳ್ಕೊಡದೆ ಕಂಡುಹಿಡ್ದು ಸರಿ ಮಾಡ್ತಿದ್ದ. ನಾನು ಅವ್ನು ಕೆಡಿಸ್ತಿದಾನೆ ಅಂದೆ.

ಗೊತ್ತಾದ್ಮೇಲಾದ್ರೂ ಹೇಳ್ಬೋದಿತ್ತಲ್ಲ. ಎರಡು ವರ್ಷ ಆಗೋಗಿತ್ತು, ಈಗೇನು ಹೇಳೋದು ಅನ್ನಿಸ್ತು. ಆಮೇಲೆ ಹತ್ತು ವರ್ಷ ಆಯ್ತು. ಅವ್ನು ಮಾತ್ರ ಆ ಕಂಪ್ಯೂಟರ್ ಹತ್ರ ಮತ್ತೆ ಬರ್ಲಿಲ್ಲ.

ಅದಕ್ಕೇ ನಿನ್ನ ಸಾಲು ಓದಿ ಎದೆ ಝಲ್ ಅಂತು. ಅದೇ ವಯಸ್ಸು ಬೇರೆ ನಿಂಗೆ. ಮುಟ್ಟಲ್ಲ ಅಂತ ತೀರ್ಮಾನ ಮಾಡೋದು ಒಂದು ನಿಮಿಷದ ಕೆಲ್ಸ, ಅದು ಎಷ್ಟು ದೂರ ಬರುತ್ತೆ ಅಂತ ನಿನ್ನ ಮನೇಲೇ ಇದೆ ನೋಡು.

ಇನ್ನೊಂದು ಉಳೀತು, ಕಂಪ್ಯೂಟರಲ್ಲಿ ಕನೆಕ್ಟೆಡ್ ಅಂತ ಇದ್ರೂ ಗೇಮ್ ಯಾಕೆ ಕೇಳ್ಲಿಲ್ಲ ಅಂತ. ಅದ್ರಲ್ಲೂ ನಿನ್ನ ತಪ್ಪೇನಿಲ್ಲ ಮಾರಾಯ್ತಿ. ವಿಂಡೋಸ್ ಕೀ ಜೊತೆ ಆರ್ ಒತ್ತಿದ್ರೆ ಬರೋ ರನ್ ಬಾಕ್ಸಲ್ಲಿ ಇಂಗ್ಲಿಷಲ್ಲಿ ಜೆ ಓ ವೈ ಡಾಟ್ ಸಿ ಪಿ ಎಲ್ ಅಂತ ಹೊಡಿ, ಕಂಟ್ರೋಲರ್ ಹೆಸರು ಬರುತ್ತೆ, ಪ್ರಾಪರ್ಟೀಸ್ ಒತ್ತಿದ್ರೆ ಒಂದು ಪ್ಲಸ್ ಗುರುತು ಕಾಣುತ್ತೆ, ಸ್ಟಿಕ್ ಅಲ್ಲಾಡಿಸಿದ್ರೆ ಅದೂ ಅಲ್ಲಾಡುತ್ತೆ. ಅಲ್ಲಾಡಿದ್ರೆ ಕಂಪ್ಯೂಟರಿಗೆ ಕೇಳಿಸ್ತಿದೆ, ಕಿವುಡು ಇರೋದು ಗೇಮಿಗೆ. 2005ರಲ್ಲಿ ಎಕ್ಸ್‌ಬಾಕ್ಸ್ 360 ಅನ್ನೋ ತಮ್ಮ ಗೇಮ್ ಪೆಟ್ಟಿಗೆ ಬಂದಾಗ ಮೈಕ್ರೋಸಾಫ್ಟಿನೋರು ಎಕ್ಸ್‌ಇನ್‌ಪುಟ್ ಅಂತ ಒಂದು ಭಾಷೆ ತಂದ್ರು, ಅಲ್ಲಿಂದ ಈಚೆಗೆ ಎಷ್ಟೋ ಗೇಮುಗಳಿಗೆ ಅದೊಂದೇ ಬರೋದು. ಅಣ್ಣನ ಕಂಟ್ರೋಲರ್ ಸೋನಿದು, ಅದಕ್ಕೆ ಆ ಭಾಷೆ ಬರಲ್ಲ. ಮಧ್ಯೆ ಒಬ್ಬ ದುಭಾಷಿ ಬೇಕು. ಗೇಮ್ ಕೊಳ್ಳೋಕೆ ಆಡೋಕೆ ಇರೋ ಸ್ಟೀಮ್ ಅನ್ನೋ ಪ್ರೋಗ್ರಾಂ ಆ ಕೆಲ್ಸ ಮಾಡುತ್ತೆ, ಸೆಟ್ಟಿಂಗ್ಸಲ್ಲಿ ಕಂಟ್ರೋಲರ್ ಅಂತ ಇರೋ ಕಡೆ ಪ್ಲೇಸ್ಟೇಶನ್ ಸಪೋರ್ಟ್ ಆನ್ ಮಾಡು. ಬೇರೆ ಕಡೆಯಿಂದ ಹಾಕಿರೋ ಗೇಮಾದ್ರೆ ಅದನ್ನೂ ಸ್ಟೀಮ್ ಒಳಗೆ ಸೇರಿಸಿ ಅಲ್ಲಿಂದ್ಲೇ ಓಪನ್ ಮಾಡ್ಬೋದು. ಗೇಮಲ್ಲಿ ಎ ಒತ್ತು ಬಿ ಒತ್ತು ಅಂತ ಬಂದ್ರೆ ಗಾಬರಿ ಆಗ್ಬೇಡ, ಎ ಅಂದ್ರೆ ನಿನ್ನ ಕೈಲಿರೋ ಕ್ರಾಸ್, ಬಿ ಅಂದ್ರೆ ಸರ್ಕಲ್. ಒಂದ್ಸಲ ಒತ್ತಿದ್ರೆ ಎರಡ್ಸಲ ಒತ್ತಿದಂಗೆ ಆದ್ರೆ ಇಬ್ಬರು ದುಭಾಷಿಗಳು, ಸ್ಟೀಮ್ ಜೊತೆ ಅದೇ ಕೆಲ್ಸದ ಇನ್ನೊಂದು ಪ್ರೋಗ್ರಾಂ, ಒಟ್ಟಿಗೆ ಕೂತಿದಾರೆ ಅಂತ, ಒಬ್ರನ್ನ ಆಫ್ ಮಾಡಿ ಕಳಿಸು.

ತುಂಬಾ ಆಯ್ತೇನೋ. ನಾನು ಹೇಳೋದೆಲ್ಲಾ ಬೇಕೇ ಬೇಕು ಅಂತೇನಿಲ್ಲ, ನೀನೇ ಹುಡ್ಕಿದ್ರೆ ನನಗಿಂತ ಬೇಗ ಸಿಗುತ್ತೆ. ಒಂದು ಮಾತ್ರ, ಕಂಪ್ಯೂಟರಲ್ಲಿ ಆಡೋವಾಗ ಆ ಕೇಬಲ್ಲಲ್ಲೇ ಆಡು, ಬ್ಲೂಟೂತ್ ಬೇಡ, ಆಗ ಪಿಎಸ್ ಫೋರ್ ವಿಳಾಸ ಇದ್ದಂಗೇ ಇರುತ್ತೆ, ದಿನಾ ಈ ತಾಪತ್ರಯ ಇರಲ್ಲ. ವೈರ್ ಇಲ್ದೇನೇ ಬೇಕು ಅಂತ ಹಟ ಇದ್ರೆ ಪ್ರತಿ ಸಲ ಹೊಸದಾಗಿ ಪೇರ್ ಮಾಡ್ಕೊ, ಅದ್ರಿಂದ ಏನೂ ಸವೆಯಲ್ಲ. ಮಧ್ಯೆ ಮಧ್ಯೆ ತಡವರಿಸಿದ್ರೆ ನಿನ್ನ ಬ್ಲೂಟೂತ್ ಡಾಂಗಲ್ ಎಲ್ಲಿ ಚುಚ್ಚಿದೀಯ ನೋಡು, ಸಿಪಿಯು ಹಿಂದೆ, ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಪಕ್ಕದಲ್ಲೇ ಇದ್ರೆ ಅದ್ರ ಗಲಾಟೆ ಬ್ಲೂಟೂತ್ ಮಾತಾಡೋ ಅದೇ 2.4 ಗಿಗಾಹರ್ಟ್ಸಲ್ಲಿ ಬಂದು ಬೀಳುತ್ತೆ. ಒಂದು ಎಕ್ಸ್‌ಟೆನ್ಷನ್ ವೈರ್ ಹಾಕಿ ಟೇಬಲ್ ಮೇಲೆ ತಂದಿಟ್ರೆ ಸರಿಹೋಗ್ಬೇಕು. ಕೇಬಲ್ ಬದಲಾಯಿಸಿದ್ಮೇಲೂ ಪಿಎಸ್ ಫೋರ್ ಹಿಡೀಲಿಲ್ಲ ಅಂದ್ರೆ ಕಂಟ್ರೋಲರ್ ಬೆನ್ನಲ್ಲಿ ಎಲ್ 2 ಹತ್ರ ಸಣ್ಣ ತೂತಿದೆ, ಪಿಎಸ್ ಫೋರ್ ಆಫ್ ಮಾಡಿ ಅದಕ್ಕೆ ಪಿನ್ ಹಾಕಿ ಐದು ಸೆಕೆಂಡ್ ಒತ್ತು, ಆಮೇಲೆ ಕೇಬಲ್. ತೂತಿಗೆ ಪಿನ್ ಹಾಕೋದು ನೋಡಿದ್ರೆ ಯಾರಾದ್ರೂ ಕೆಡಿಸ್ತಿದೀಯ ಅಂತ ಕಿರುಚ್ಬೋದು. ಕಿರುಚ್ಲಿ. ಅದಿರೋದೇ ಅದಕ್ಕೆ.

ಅಣ್ಣಂಗೆ ಇವತ್ತೇ ಹೇಳು ಅಂತ ಬರೆಯೋಕೆ ಕೈ ಹೋಯ್ತು, ಬರೆದು ಅಳಿಸ್ದೆ. ಮೂವತ್ತು ವರ್ಷ ಬಾಯಿ ಮುಚ್ಕೊಂಡಿರೋಳು ನಿಂಗೆ ಇವತ್ತೇ ಹೇಳು ಅನ್ನೋದು ಯಾವ ನ್ಯಾಯ. ಆದ್ರೂ, ಸರಿ ಮಾಡ್ಕೊಂಡು ಆಮೇಲೆ ಹೇಳೋಣ ಅಂತ ಕಾಯ್ಬೇಡ ಕಣೇ, ಸರಿ ಮಾಡೋವಾಗ ಅವ್ನು ಪಕ್ಕದಲ್ಲಿರ್ಲಿ. ಬೈದ್ರೆ ಒಂದೈದು ನಿಮಿಷ ಬೈತಾನೆ. ಕೇಬಲ್ ಹುಡುಕೋಕೆ ಅವ್ನೂ ಬರ್ತಾನೆ.

ಅಪ್ಪಂಗೆ ಹೇಳ್ಬೇಡಿ ಅಂದಿದೀಯ, ಕಂಟ್ರೋಲರ್ ವಿಷ್ಯ ಹೇಳಲ್ಲ. ನಂದು ನಾನು ಹೇಳ್ತೀನಿ, ಭಾನುವಾರ ಫೋನ್ ಮಾಡ್ತೀನಿ ಅಂತ ಅವ್ನಿಗೆ ಈಗಷ್ಟೇ ಮೆಸೇಜ್ ಹಾಕಿದೀನಿ, ಏನು ವಿಷ್ಯ ಅಂತ ಕೇಳಿದಾನೆ, ಇನ್ನೂ ಉತ್ರ ಕೊಟ್ಟಿಲ್ಲ.

ಕೇಬಲ್ ಸಿಕ್ತಾ ತಿಳಿಸು. ಒಬ್ಬರೇ ಆಡೋವಾಗ ಪಿಎಸ್ ಫೋರಲ್ಲಿ ನೀಲಿ ಬರ್ಬೇಕು. ಕೆಂಪು ಬಂದ್ರೆ ಹೆದರ್ಬೇಡ, ಅಣ್ಣ ಇನ್ನೊಂದು ಕಂಟ್ರೋಲರ್ ಹಿಡ್ಕೊಂಡು ಕೂತಿದಾನೆ, ನೀನು ಎರಡನೇ ಆಟಗಾರ್ತಿ ಅಂತ.

ನಿನ್ನ ಅತ್ತೆ