‘ಪ್ರಕ್ರಿಯೆಯಲ್ಲಿದೆ’ ಎಂದರೆ ಯಾರ ಮೇಜಿನ ಮೇಲಿದೆ?

ಮಾನ್ಯ ಸಂಪಾದಕರೇ,

ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿದವರು ‘ಏನಾಯಿತು’ ಎಂದು ಕೇಳಲು ಹೋದರೆ ನಾಡಕಚೇರಿಯವರು ತಾಲ್ಲೂಕು ಕಚೇರಿಯತ್ತ ಕೈ ತೋರಿಸುತ್ತಾರೆ, ಅಲ್ಲಿಯವರು ಬ್ಯಾಂಕಿನತ್ತ, ಬ್ಯಾಂಕಿನವರು ಮತ್ತೆ ನಾಡಕಚೇರಿಯತ್ತ. ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ ಎಂದೇನಲ್ಲ. ಜನ ಒಂದೇ ಅರ್ಜಿ ಎಂದುಕೊಂಡಿರುವುದು ಅಸಲಿಗೆ ಮೂರು ಕಡತ. ಮೂರಕ್ಕೂ ಬೇರೆ ಬೇರೆ ಸಂಖ್ಯೆ, ವಿಚಾರಿಸುವ ಜಾಗವೂ ಬೇರೆ.

ಮೊದಲನೆಯದು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ಇದು ಆಸ್ಪತ್ರೆಯ ಕೆಲಸ, ಕಂದಾಯ ಇಲಾಖೆಗೆ ಸಂಬಂಧವಿಲ್ಲ. ನೋಂದಣಿಯಾದಾಗ ಕೊಡುವ ಎನ್‌ರೋಲ್‌ಮೆಂಟ್ ಸಂಖ್ಯೆ ಹಾಕಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅದರ ಸ್ಥಿತಿ ನೋಡಬಹುದು. ಅಂಗವಿಕಲರ ಹಕ್ಕುಗಳ 2024ರ ತಿದ್ದುಪಡಿ ನಿಯಮಗಳು ವೈದ್ಯಕೀಯ ಪ್ರಾಧಿಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿವೆ. ತೀರ್ಮಾನವಾಗದೆ ಎರಡು ವರ್ಷ ದಾಟಿದ ಅರ್ಜಿ ನಿಷ್ಕ್ರಿಯವಾಗುತ್ತದೆ ಎಂಬ ಮಾತೂ ಅದರಲ್ಲೇ ಇದೆ. ಹಾಗಾಗಿ ತಪಾಸಣೆಗೆ ಕರೆ ಬರಲಿ ಎಂದು ಸುಮ್ಮನೆ ಕಾಯುವುದು ಸರಿಯಲ್ಲ.

ಕಾರ್ಡಿನ ಬಣ್ಣದಿಂದಲೂ ಒಂದು ಗೊಂದಲವಿದೆ. ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆಯಾದರೆ ಬಿಳಿ, 40ರಿಂದ 79ರವರೆಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ. ರಾಜ್ಯದ ಮಾಸಾಶನದ ಗೆರೆ ಇರುವುದು ಮಾತ್ರ ಶೇ 75ರಲ್ಲಿ. ಶೇ 40ರಿಂದ ಆ ಗೆರೆಯ ಕೆಳಗಿನವರಿಗೆ ₹800, 75 ಮತ್ತು ಮೇಲ್ಪಟ್ಟವರಿಗೆ ₹1,400. ಶೇ 76 ಇರುವವರ ಕೈಯಲ್ಲೂ ಹಳದಿ ಕಾರ್ಡೇ ಇರುತ್ತದೆ. ಬಣ್ಣ ನೋಡಿ ‘ನಿಮ್ಮದು ಎಂಟುನೂರು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಕಾರ್ಡಿನಲ್ಲಿ ಮುದ್ರಿಸಿರುವ ಶೇಕಡಾವಾರು ತೋರಿಸಿ.

ಎರಡನೆಯದು ಮಾಸಾಶನದ ಅರ್ಜಿ. ನಾಡಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಅರ್ಜಿ ಹಾಕಿದಾಗ ಕೊಡುವ ಸ್ವೀಕೃತಿ ಚೀಟಿಯನ್ನು ಮಡಚಿ ಜೇಬಿಗಿಟ್ಟರೆ ಕೆಲಸ ಕೆಟ್ಟಿತು. ತಿಂಗಳೊಪ್ಪತ್ತಿನಲ್ಲಿ ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿರುತ್ತದೆ, ಬಹಳ ಸಲ ಸಂಖ್ಯೆಯ ಮೇಲೆಯೇ. ಕೈಗೆ ಬಂದ ತಕ್ಷಣ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆಯನ್ನು ನಾಡಕಚೇರಿ ಜಾಲತಾಣದಲ್ಲಿ ಹಾಕಿದರೆ ಅರ್ಜಿಯ ಸ್ಥಿತಿ ಕಾಣುತ್ತದೆ. ಹದಿನೈದು ಅಂಕಿಯ ಜಿಎಸ್‌ಸಿ ಸಂಖ್ಯೆ ಸಕಾಲದ್ದು (ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ ರಾಜ್ಯದ ವ್ಯವಸ್ಥೆ), ಗಡುವಿನ ಲೆಕ್ಕ ನಡೆಯುವುದು ಅದರ ಮೇಲೆ.

ಅಲ್ಲಿಂದ ಕಡತ ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರು, ತಹಶೀಲ್ದಾರ್ ಹೀಗೆ ಮೇಲೇರುತ್ತದೆ. ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಮೊದಲ ಎರಡು ಮೆಟ್ಟಿಲಲ್ಲೇ. ಸ್ಥಳ ತನಿಖೆಗೆ ಬಂದ ದಿನ ಮನೆಗೆ ಬೀಗ ಹಾಕಿತ್ತು, ಆಧಾರ್‌ನಲ್ಲಿ ಇನಿಶಿಯಲ್ ಮುಂದಿದ್ದರೆ ಯುಡಿಐಡಿಯಲ್ಲಿ ಹಿಂದಿದೆ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ, ಅದೇ ಆಧಾರ್‌ಗೆ ಈಗಾಗಲೇ ವೃದ್ಧಾಪ್ಯ ವೇತನ ಹೋಗುತ್ತಿದೆ. ಕಾರಣಗಳು ಇಷ್ಟೇ ಸಣ್ಣವು. ಆದರೆ ಪರದೆಯ ಮೇಲೆ ಇವುಗಳಲ್ಲಿ ಒಂದೂ ಕಾಣುವುದಿಲ್ಲ, ಕಾಣುವುದು ‘ಪ್ರಕ್ರಿಯೆಯಲ್ಲಿದೆ’ ಎಂಬ ಒಂದೇ ಮಾತು. ಕೊನೆಗೆ ‘ವಿಲೇವಾರಿ’ ಎಂದು ಬಂದರೂ ಹಿಗ್ಗಬೇಕಿಲ್ಲ. ಮಂಜೂರಾದರೂ ವಿಲೇವಾರಿ, ತಿರಸ್ಕರಿಸಿದರೂ ವಿಲೇವಾರಿ.

ತಿರಸ್ಕರಿಸಿದ್ದರೆ ಬಾಯಿಮಾತಿಗೆ ಸುಮ್ಮನಾಗದೆ ಕಾರಣ ನಮೂದಿಸಿದ ಹಿಂಬರಹ ಕೇಳಿ ಪಡೆಯಬೇಕು. ಅದಿಲ್ಲದೆ ಮೇಲ್ಮನವಿ ನಿಲ್ಲುವುದು ಕಷ್ಟ. ಗಡುವು ಮೀರಿದ್ದರೆ ಸಕಾಲ ಕಾಯ್ದೆಯಡಿ ದಿನಕ್ಕೆ ₹20ರಂತೆ ಗರಿಷ್ಠ ₹500 ಪರಿಹಾರಕ್ಕೆ ಅವಕಾಶವಿದೆ. ಮೊತ್ತ ಚಿಲ್ಲರೆಯೇ ಇರಬಹುದು, ಆದರೆ ಮೇಲ್ಮನವಿ ಬಿದ್ದ ಕಡತ ಮೇಜಿನಿಂದ ಏಳುತ್ತದೆ. ಮಾಹಿತಿ ಹಕ್ಕಿನ ಅರ್ಜಿಯೂ ಹಾಗೆಯೇ. ನಮ್ಮ ರಾಜ್ಯದ ನಿಯಮದಂತೆ ಅದು ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು. ದೂರು ತೋಡಿಕೊಳ್ಳದೆ ‘ಈ ಸಂಖ್ಯೆಯ ಅರ್ಜಿ ಯಾವ ಯಾವ ದಿನಾಂಕದಂದು ಯಾವ ಅಧಿಕಾರಿಯ ಬಳಿ ಇತ್ತು’ ಎಂದಷ್ಟೇ ಕೇಳಿದರೆ ಸಾಕು.

ಮೂರನೆಯದು ಹಣ. ಮಂಜೂರಾತಿ ಆದೇಶ ಕೈಗೆ ಬಂದರೂ ಖಾತೆಗೆ ಬಿಡಿಗಾಸು ಬಿದ್ದಿಲ್ಲ ಎನ್ನುವವರು ತಾಲ್ಲೂಕು ಕಚೇರಿಗೆ ಅಲೆಯುವುದು ಬಹುಪಾಲು ವ್ಯರ್ಥ. ಹಣ ಹೋಗುವುದು ಪಾಸ್‌ಬುಕ್ಕಿನ ಖಾತೆ ಸಂಖ್ಯೆ ನೋಡಿಕೊಂಡಲ್ಲ, ಆಧಾರ್ ಮೇಲೆ. ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು, ಕೊನೆಗೆ ಯಾವುದನ್ನು ಜೋಡಿಸಿದ್ದೀರೋ ಅದು. ಸಾಲಕ್ಕೋ ಗ್ಯಾಸ್ ಸಬ್ಸಿಡಿಗೋ ಎಂದು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು, ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಬಂದಿದ್ದರೆ ಮಾಸಾಶನ ಅಲ್ಲಿ ಜಮೆಯಾಗುತ್ತಿರಬಹುದು. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ (ಈ ಪಟ್ಟಿಯಲ್ಲಿನ ಜೋಡಣೆ) ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ತಿಳಿಯುತ್ತದೆ. ಕಂತುಗಳ ವಿವರಕ್ಕೆ ಸರ್ಕಾರದ ನೇರ ನಗದು ವರ್ಗಾವಣೆಯ ಆ್ಯಪ್ ‘ಡಿಬಿಟಿ ಕರ್ನಾಟಕ’ ಇದೆ. ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎಂದರೆ ಸಾಲದು, ‘ಎನ್‌ಪಿಸಿಐ ಸೀಡಿಂಗ್ ಆಗಿದೆಯೇ’ ಎಂದೇ ಕೇಳಬೇಕು.

ಇಷ್ಟನ್ನೆಲ್ಲ ಅರ್ಜಿದಾರರೇ ಪತ್ತೆ ಮಾಡಬೇಕಾಗಿರುವುದೇ ನಮ್ಮ ತಕರಾರು. ಕಡತ ಯಾರ ಲಾಗಿನ್‌ನಲ್ಲಿ ಎಂದಿನಿಂದ ಇದೆ ಎಂಬುದು ವ್ಯವಸ್ಥೆಗೆ ಗೊತ್ತಿರುತ್ತದೆ. ಅಧಿಕಾರಿಯ ಹುದ್ದೆ, ಕಡತ ಬಂದ ದಿನಾಂಕ, ವಾಪಸಾಗಿದ್ದರೆ ಕಾರಣ, ಈ ಮೂರನ್ನು ಸ್ಥಿತಿ ಪುಟದಲ್ಲಿ ಕನ್ನಡದಲ್ಲಿ ತೋರಿಸಲು ಕಂದಾಯ ಇಲಾಖೆಗೆ ಹೊಸ ಯೋಜನೆಯೇನೂ ಬೇಕಿಲ್ಲ. ಜೊತೆಗೆ ಅರ್ಜಿಯಲ್ಲಿ ಮೊಬೈಲ್ ಸಂಖ್ಯೆ ತುಂಬುವ ಹಂತದಲ್ಲೇ ಒಟಿಪಿ ಕೇಳಲಿ. ಈಗ ಬೇಗ ಮುಗಿಯಲೆಂದು ಸೈಬರ್ ಸೆಂಟರಿನವರು ತಮ್ಮದೇ ಸಂಖ್ಯೆ ತುಂಬಿಬಿಡುವುದುಂಟು. ಆಮೇಲೆ ‘ದಾಖಲೆ ಕೊರತೆ ಇದೆ’ ಎಂಬ ಸಂದೇಶ ಹೋಗುವುದೂ ಅವರ ಫೋನಿಗೇ.

— ಮಾಸಾಶನ ಅರ್ಜಿದಾರರಿಗೆ ನೆರವಾಗುವ ಕೆಲವು ಓದುಗರು